ಮಂತ್ರಕ್ಕೂ ಕೊಡಲಿಗೂ ನಡುವೆ ಒಂದು ಕೊಂಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಭಾನುವಾರದ ಆಟಕ್ಕೆ ಬಂದು ಕೂಡುವ ನನ್ನ ತಮ್ಮ ತಂಗಿಯರಿಗೆ, ಮತ್ತು ಕನ್ನಡ ನಾಡಿನಲ್ಲಿ ಎಲ್ಲೇ ಆಗಲಿ ಮೇಜಿನ ಸುತ್ತ ಕೂತು ಪಾತ್ರ ಕಟ್ಟಿ ಆಡುವ ಎಲ್ಲರಿಗೆ,



ಹೋದ ಭಾನುವಾರ ನಮ್ಮ ಆಟ ಶುರುವಾಗಲೇ ಇಲ್ಲ. ಮೂರು ತಾಸು ವಾದ ಮಾಡಿದೆವು, ಒಂದು ದಾಳವೂ ಉರುಳಲಿಲ್ಲ. ಹೊಸ ಕಥೆಯನ್ನು ಐಹೊಳೆಯಲ್ಲಿ ಇಡೋಣ, ಮಲಪ್ರಭೆಯ ದಂಡೆಯಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲು ಕಡಿಯುತ್ತಿರುವಾಗ ಶುರುವಾಗಲಿ ಎಂದು ನಾನು ಹೇಳಿದಾಗ ಎಲ್ಲರೂ ಹಿಗ್ಗಿದಿರಿ. ಆಮೇಲೆ ಪಾತ್ರದ ಹಾಳೆ ತೆಗೆದಿರಿ. ಆರು ಜನರಲ್ಲಿ ಐವರಿಗೆ ಮಂತ್ರ ಬೇಕು. ಆ ಐವರಲ್ಲಿ ನಾಲ್ವರಿಗೆ ಮಂತ್ರದ ಜೊತೆಗೆ ಇನ್ನೊಂದು ಕ್ಲಾಸೂ ಬೇಕು. ನಾನು ತಡೆದೆ. ಆಗ ನಿಮ್ಮಲ್ಲೊಬ್ಬರು ಕೇಳಿದಿರಿ: “ಪುಸ್ತಕದಾಗ ಐತಿ, ಲೆಕ್ಕಾನೂ ಸರಿ ಕೂಡತೈತಿ. ಮತ್ಯಾಕ ಬ್ಯಾಡ ಅಂತೀರಿ ಅಕ್ಕಾರ?”

ಅವತ್ತು ನನ್ನ ಬಾಯಿಗೆ ಸರಿಯಾದ ಉತ್ತರ ಬರಲಿಲ್ಲ. ಈ ವಾರ ಐಹೊಳೆಗೆ ಹೋಗಿ ಎರಡು ದಿನ ಇದ್ದು ಬಂದೆ. ಅಲ್ಲಿ ಗುಡಿಗಳ ನಡುವೆ ಓಡಾಡುತ್ತ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ವಾದ ಬೇರೆ ಊರುಗಳ ಮೇಜಿನ ಸುತ್ತಲೂ ನಡೆಯುತ್ತದೆ ಎಂದು ನನಗೆ ಗೊತ್ತು, ಅದಕ್ಕೇ ಪತ್ರವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಸಂಶಯ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಹಗಲು ಹೊಲ ಉತ್ತವನು ರಾತ್ರಿ ಕಿರೀಟ ಕಟ್ಟಿಕೊಂಡು ಅರ್ಜುನನಾಗುತ್ತಾನಲ್ಲ, ಅದೇ ಸುಖ ಇದರಲ್ಲೂ ಇದೆ. ದೊಡ್ಡಾಟಕ್ಕೆ ಮೊದಲೇ ಗೊತ್ತಿರುವ ಪ್ರಸಂಗ ಇರುತ್ತದೆ. ಇಲ್ಲಿ ಪ್ರಸಂಗ ಆಡುತ್ತಾಡುತ್ತಲೇ ಹುಟ್ಟುತ್ತದೆ.

ಪಾತ್ರಕ್ಕೆ ಒಂದು ಕ್ಲಾಸ್ ಇರುತ್ತದೆ. ಅದನ್ನು ಕಸುಬು ಎನ್ನಿ, ವಿದ್ಯೆ ಎನ್ನಿ. ಮಂತ್ರ ಬಲ್ಲವರಲ್ಲೇ ಹಲವು ಬಗೆ. ಗ್ರಂಥ ಓದಿ ಕಲಿತವನು ವಿಝಾರ್ಡ್. ದೇವರ ಒಲುಮೆಯಿಂದ ಪಡೆದವನು ಕ್ಲೆರಿಕ್. ರಕ್ತದಲ್ಲೇ ಹೊತ್ತು ಹುಟ್ಟಿದವನು ಸಾರ್ಸರರ್. ಯಾವುದೋ ದೊಡ್ಡ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು ಪಡೆದವನು ವಾರ್ಲಾಕ್. ಹಾಡಿನಿಂದ ಎಬ್ಬಿಸುವವನು ಬಾರ್ಡ್. ಆಡುತ್ತ ಪಾತ್ರ ಬಲಿತು ಲೆವೆಲ್ ಏರಿದಾಗ ಅದೇ ವಿದ್ಯೆಯಲ್ಲಿ ಮುಂದೆ ಹೋಗಬಹುದು, ಇಲ್ಲವೇ ಇನ್ನೊಂದರಲ್ಲಿ ಮೊದಲ ಮೆಟ್ಟಿಲು ಹತ್ತಬಹುದು. ಇದನ್ನೇ ನಾವು ಮಲ್ಟಿಕ್ಲಾಸ್ ಎನ್ನುತ್ತೇವೆ.

ಈ ಆಸೆ ಆಟದಷ್ಟೇ ಹಳೆಯದು. 1974ರ ಮೊದಲ ಪುಸ್ತಕದಲ್ಲೇ ಎಲ್ಫ್ ಕುಲದವರು ಒಂದು ಸಾಹಸಕ್ಕೆ ಯೋಧರಾಗಿ, ಇನ್ನೊಂದಕ್ಕೆ ಮಂತ್ರವಾದಿಯಾಗಿ ಹೊರಡಬಹುದಿತ್ತು. 1978ರ ನಿಯಮ ಕಟ್ಟುನಿಟ್ಟಾಯಿತು. ಮನುಷ್ಯ ಪಾತ್ರ ವಿದ್ಯೆ ಬದಲಿಸಬೇಕಾದರೆ ಹಳೆಯದರ ಮುಖ್ಯ ಗುಣದಲ್ಲಿ 15, ಹೊಸದರ ಮುಖ್ಯ ಗುಣದಲ್ಲಿ 17 ಅಂಕ ಇರಬೇಕಿತ್ತು, ಬಿಟ್ಟ ವಿದ್ಯೆ ಅಲ್ಲಿಗೇ ನಿಲ್ಲುತ್ತಿತ್ತು. 2000ದ ಮೂರನೇ ಆವೃತ್ತಿಯಿಂದ ಒಂದೊಂದೇ ಲೆವೆಲ್ ಆರಿಸಿಕೊಳ್ಳುವ ಸಲಿಗೆ ಬಂತು. ಈಗ ನಾವು ಆಡುವ ಐದನೇ ಆವೃತ್ತಿಯಲ್ಲಿ, 2014ರ ಪುಸ್ತಕವಿರಲಿ 2024ರದಿರಲಿ, ಎರಡೂ ವಿದ್ಯೆಯ ಮುಖ್ಯ ಗುಣದಲ್ಲಿ 13 ಇದ್ದರೆ ಸಾಕು. ಬಾಗಿಲು ಅಗಲವಾಗಿದೆ. ಅಗಲವಾಗಿರುವುದರಿಂದಲೇ ಒಳಗೆ ಕಾಲಿಡುವ ಮುಂಚೆ ಯೋಚಿಸಬೇಕು.

ನಾನು ಯೋಚಿಸದೆ ಕಾಲಿಟ್ಟವಳು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಗೆಳತಿಯೊಬ್ಬಳ ಕೋಣೆಯಲ್ಲಿ ಆಡುತ್ತಿದ್ದೆವು. ನನ್ನದು ವಿಝಾರ್ಡ್. ಡಾಲು ಸಿಗುತ್ತದೆಂದು ಒಂದು ಲೆವೆಲ್ ಕ್ಲೆರಿಕ್ ಮಾಡಿದೆ. ಬೀಗ ತೆಗೆಯುವ ಚಾತುರ್ಯ ಬೇಕೆಂದು ಇನ್ನೊಂದು ಲೆವೆಲ್ ರೋಗ್ ಮಾಡಿದೆ. ಎಲ್ಲರೂ ಐದನೇ ಲೆವೆಲ್‌ಗೆ ಬಂದಾಗ ನನ್ನ ಹಾಳೆಯಲ್ಲಿ ವಿಝಾರ್ಡ್ ಮೂರೇ ಇತ್ತು. ಒಂದು ಸಂಜೆ ಕಿರಿದಾದ ಸೇತುವೆಯ ಮೇಲೆ ಹದಿನೈದಿಪ್ಪತ್ತು ಗಾಬ್ಲಿನ್‌ಗಳು ಮುತ್ತಿದವು. ಗೆಳತಿಯ ಪಾತ್ರ ಎದುರಿಗೆ ನಿಂತು ತಡೆಯುತ್ತಿತ್ತು. ಅವಳು ನನ್ನತ್ತ ತಿರುಗಿ, “ಈಗ ಬಿಡು ನಿನ್ನ ಫೈರ್‌ಬಾಲ್” ಎಂದಳು. ಐದನೇ ಲೆವೆಲ್‌ನ ವಿಝಾರ್ಡ್ ಜೊತೆಗಿದ್ದಾಳೆ, ಫೈರ್‌ಬಾಲ್ ಇದ್ದೇ ಇರುತ್ತದೆ ಎಂದು ಅವಳು ನಂಬಿದ್ದಳು. ಅದು ಮೂರನೇ ಮಟ್ಟದ ಮಂತ್ರ, ವಿಝಾರ್ಡ್ ವಿದ್ಯೆಯಲ್ಲೇ ಐದು ಮೆಟ್ಟಿಲು ಹತ್ತಿದವರಿಗೆ ಬರುವಂಥದು. ಬಂಡೆ ಸಿಡಿದಂತೆ ಎಂಟು ದಾಳದ ಬೆಂಕಿ ಆ ಇಡೀ ಸೇತುವೆಯನ್ನು ತುಂಬಬೇಕಿತ್ತು. ನನ್ನ ಬಳಿ ಅದು ಇರಲಿಲ್ಲ. ಡಾಲು ಇತ್ತು, ಬೀಗದ ಸಲಕರಣೆ ಇತ್ತು. ಅವಳು ಎರಡು ವರ್ಷ ಆಡಿ ಬೆಳೆಸಿದ ಪಾತ್ರ ಆ ಸಂಜೆ ಸತ್ತಿತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹಾಳೆಯನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಆ ಮಡಚಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ನಾಲ್ಕನೇ ಲೆವೆಲ್‌ನ ವಿಝಾರ್ಡ್‌ಗೆ ಸಿಗುವ ಗುಣದ ಅಂಕವನ್ನೂ ನಾನು ಕಳೆದುಕೊಂಡಿದ್ದೆ, ಏಕೆಂದರೆ ಅದು ಒಟ್ಟು ಲೆವೆಲ್‌ಗಲ್ಲ, ಆಯಾ ಕ್ಲಾಸಿನ ಲೆವೆಲ್‌ಗೆ ಸಿಗುವಂಥದು. ಆದರೆ ನಿಜವಾದ ತಪ್ಪು ಲೆಕ್ಕದ್ದಾಗಿರಲಿಲ್ಲ. ಅದು ನನಗೆ ತಿಳಿದದ್ದು ಊರಿಗೆ ಮರಳಿ, ಇಳಕಲ್ಲಿನಲ್ಲಿ ಅವ್ವನ ಪಕ್ಕ ಕೂತಾಗ.

ನಮ್ಮದು ನೇಯುವ ಮನೆ. ಇಳಕಲ್ ಸೀರೆಯ ಒಡಲು ಹತ್ತಿಯದಾಗಿರಬಹುದು, ಸೆರಗು ಮಾತ್ರ ರೇಷ್ಮೆಯದು. ಒಂದೇ ಸೀರೆ, ಹಾಸು ಎರಡು. ಆ ಎರಡು ಹಾಸು ಸೇರುವ ಜಾಗದಲ್ಲಿ ಒಡಲಿನ ಎಳೆಯನ್ನು ಕುಣಿಕೆ ಮಾಡಿ, ಸೆರಗಿನ ಎಳೆಯ ಕುಣಿಕೆಯೊಳಗೆ ಕೋದು ಸೇರಿಸುತ್ತಾರೆ. ಹೀಗೆ ಸೀರೆಯ ಅಗಲಕ್ಕೂ. ಇದಕ್ಕೇ ಕೊಂಡಿ ಎನ್ನುವುದು. ಉಳಿದ ಕಡೆ ಒಂದೇ ಉದ್ದನೆಯ ಹಾಸಿನಲ್ಲಿ ಸಾಲು ಸಾಲಾಗಿ ಸೀರೆ ನೇಯ್ದು ಕತ್ತರಿಸಬಹುದು. ಕೊಂಡಿಯ ಸೀರೆಗೆ ಪ್ರತಿ ಸಲವೂ ಹಾಸನ್ನು ಬೇರೆಯಾಗಿ ಸಿದ್ಧ ಮಾಡಬೇಕು. ಅವ್ವ ಕೂತು ಕೊಂಡಿ ಹಾಕುವಾಗ ಅವಳ ಬೆರಳು ನೋಡಬೇಕು. ಕಣ್ಣು ಎಳೆಯ ಮೇಲಿರುವುದಿಲ್ಲ, ಉಗುರಿನ ತುದಿಯೇ ಎಳೆ ಹುಡುಕಿಕೊಳ್ಳುತ್ತದೆ. ಎಡಗೈ ಕುಣಿಕೆ ಬಿಡಿಸಿ ಹಿಡಿಯುತ್ತದೆ, ಬಲಗೈ ಕೋಯುತ್ತದೆ, ಆಮೇಲೆ ಮೆಲ್ಲಗೆ ಒಂದು ಜಗ್ಗು. ಆ ಜಗ್ಗಿನಲ್ಲಿ ಎಳೆ ತಡೆಯುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ. ನಾನು ಒಮ್ಮೆ ಕೇಳಿದೆ, ರೇಷ್ಮೆಯನ್ನೇ ಪೂರ್ತಿ ಹಾಕಿಬಿಟ್ಟರೆ ಈ ಕಷ್ಟವೇ ಇಲ್ಲವಲ್ಲ ಎಂದು. ಅವಳು ತಲೆ ಎತ್ತದೆ ಹೇಳಿದಳು: “ಒಡಲು ಮೈಗೆ ಹಿತ ಇರಬೇಕು, ಸೆರಗು ಕಣ್ಣಿಗೆ ಚಂದ ಇರಬೇಕು. ಎರಡೂ ಬೇಕಂದ್ರ ಕೊಂಡಿ ಹಾಕಾಕಬೇಕು. ಎಳಿ ಎಷ್ಟ ಛಲೋ ಇದ್ರೂ ಕೊಂಡಿ ಸಡ್ಲಾದ್ರ ಸೀರಿ ಅಲ್ಲೇ ಬಿಡ್ತದ.”

ನನ್ನ ವಿಝಾರ್ಡ್ ಬಿಟ್ಟುಹೋದದ್ದು ಅಲ್ಲೇ. ಮೂರು ವಿದ್ಯೆ ಇತ್ತು, ಮೂರೂ ಒಳ್ಳೆಯವೇ. ಒಂದಕ್ಕೊಂದು ಕೊಂಡಿ ಇರಲಿಲ್ಲ.

ನಿಮಗೆ ನಾನು ಹೇಳಬೇಕಾಗಿರುವುದು ಇಷ್ಟೇ: ವಿದ್ಯೆ ಕೂಡಿಸುವುದು ತಪ್ಪಲ್ಲ. ಕೂಡುವ ಜಾಗದಲ್ಲಿ ಕೊಂಡಿ ಇಲ್ಲದಿದ್ದರೆ ಕೂಡಿಸಬೇಡಿ.

ಕೊಂಡಿ ಎಂದರೇನು ಎಂದು ಐಹೊಳೆ ಹೇಳುತ್ತದೆ. ಊರಿನ ಹೆಸರಿನ ಕಥೆ ನಿಮಗೆಲ್ಲ ಗೊತ್ತು. ಪರಶುರಾಮ ಕ್ಷತ್ರಿಯರನ್ನು ಕೊಂದು ಬಂದು ರಕ್ತದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದ, ಹೊಳೆ ಕೆಂಪಾಯಿತು, ಅದನ್ನು ಕಂಡ ಹೆಂಗಸರು “ಅಯ್ಯೋ ಹೊಳೆ” ಎಂದು ಕೂಗಿದರು, ಅದೇ ಐಹೊಳೆಯಾಯಿತು ಎನ್ನುತ್ತಾರೆ. ದಂಡೆಯಲ್ಲಿ ಕೊಡಲಿಯಾಕಾರದ ಬಂಡೆಯನ್ನೂ ತೋರಿಸುತ್ತಾರೆ. ಋಷಿಯ ಮಗ, ಕೈಯಲ್ಲಿ ಕೊಡಲಿ. ಎರಡು ವಿದ್ಯೆಯ ಪಾತ್ರಕ್ಕೆ ನಮ್ಮ ನೆಲದಲ್ಲಿ ಇದಕ್ಕಿಂತ ಹಿರಿಯ ಮಾದರಿ ಬೇಕೇ?

ಆದರೆ ಪರಶುರಾಮನಲ್ಲಿ ಮಂತ್ರ ಒಂದು ಕಡೆ, ಕೊಡಲಿ ಇನ್ನೊಂದು ಕಡೆ ಇರಲಿಲ್ಲ. ನಮ್ಮ ಪುರಾಣಗಳು ಶಸ್ತ್ರ ಬೇರೆ, ಅಸ್ತ್ರ ಬೇರೆ ಎನ್ನುತ್ತವೆ. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ. ಮಂತ್ರವನ್ನು ಆವಾಹಿಸಿ ಬಿಟ್ಟದ್ದು ಅಸ್ತ್ರ. ಮಂತ್ರವಿಲ್ಲದ ಬಾಣ ಬರೀ ಕಡ್ಡಿ, ಮಂತ್ರವಿದ್ದರೆ ಹುಲ್ಲುಕಡ್ಡಿಯೂ ಅಸ್ತ್ರ. ಅಸ್ತ್ರ ಎನ್ನುವುದು ಯೋಧನ ವಿದ್ಯೆಗೂ ಮಂತ್ರವಾದಿಯ ವಿದ್ಯೆಗೂ ನಡುವೆ ಹಾಕಿದ ಕೊಂಡಿ. ದ್ರೋಣ ಬೇಡಿಕೊಂಡು ಹೋದಾಗ ಪರಶುರಾಮ ಸಂಪತ್ತನ್ನೆಲ್ಲ ದಾನ ಮಾಡಿ ಮುಗಿಸಿದ್ದ. ಉಳಿದಿದ್ದ ಅಸ್ತ್ರಗಳನ್ನು, ಬಿಡುವ ಮತ್ತು ಹಿಂದಕ್ಕೆ ಪಡೆಯುವ ರಹಸ್ಯದ ಸಮೇತ ಕೊಟ್ಟ. ಆ ‘ಸಮೇತ’ ಎಂಬ ಮಾತು ದೊಡ್ಡದು. ಅದೇ ದ್ರೋಣನ ಮಗ ಅಶ್ವತ್ಥಾಮನಿಗೆ ಬಿಡುವುದು ಗೊತ್ತಿತ್ತು, ಹಿಂದಕ್ಕೆ ಪಡೆಯುವುದು ಗೊತ್ತಿರಲಿಲ್ಲ. ಅರ್ಜುನ ತನ್ನದನ್ನು ಮರಳಿ ಪಡೆದ, ಅಶ್ವತ್ಥಾಮನದು ಉತ್ತರೆಯ ಗರ್ಭದ ಮೇಲೆ ಹೋಗಿ ಬಿತ್ತು. ವಿದ್ಯೆಯನ್ನು ಒಂದು ಲೆವೆಲ್ ಮಟ್ಟಿಗೆ ಮುಟ್ಟಿ ಬಿಡುವ ಮುಂಚೆ ಈ ಕಥೆಯನ್ನು ಒಮ್ಮೆ ನೆನೆಯಿರಿ.

ಈಗ ಮಂತ್ರ ಕೇಳಿದ ಒಬ್ಬೊಬ್ಬರ ಹಾಳೆಗೆ ಬರುತ್ತೇನೆ.

ಹುನಗುಂದದ ತಂಗಿ, ನಿನ್ನದು ಯೋಧನ ವಿದ್ಯೆಯಾದ ಫೈಟರ್ ಮತ್ತು ವಿಝಾರ್ಡ್. ಕೂಡಿಸುವುದಾದರೆ ಮೊದಲ ಲೆವೆಲ್ ಫೈಟರ್ ಇರಲಿ. ಭಾರದ ಕವಚ ಮೊದಲ ಕ್ಲಾಸ್ ಫೈಟರ್ ಆದವರಿಗೆ ಮಾತ್ರ ಸಿಗುತ್ತದೆ, ಆಮೇಲೆ ಸೇರಿದವರಿಗಿಲ್ಲ. ಅಪಾಯ ತಾಳಿಕೊಳ್ಳಲು ಉರುಳಿಸುವ ದೇಹದಾರ್ಢ್ಯದ ದಾಳದಲ್ಲಿ (ಸೇವಿಂಗ್ ಥ್ರೋ) ಸಿಗುವ ನೈಪುಣ್ಯವೂ ಹಾಗೆಯೇ. ಹಿಡಿದಿಟ್ಟುಕೊಳ್ಳಬೇಕಾದ ಮಂತ್ರ ನಡೆಯುತ್ತಿರುವಾಗ ಏಟು ಬಿದ್ದರೆ ಕನಿಷ್ಠ 10, ಇಲ್ಲವೇ ಏಟಿನ ಅರ್ಧ, ಯಾವುದು ಹೆಚ್ಚೋ ಅದನ್ನು ಆ ದಾಳದಲ್ಲಿ ಮುಟ್ಟಬೇಕು. ಮುಂದೆ ನಿಂತು ಮಂತ್ರ ಹಿಡಿಯುವ ಪಾತ್ರಕ್ಕೆ ಇದು ಜೀವದ ಪ್ರಶ್ನೆ. ನೀನು ತೆರುವ ಬೆಲೆ ಒಂದು ಲೆವೆಲ್: ಉಳಿದವರು ಐದರಲ್ಲಿ ಪಡೆಯುವ ಮೂರನೇ ಮಟ್ಟದ ಮಂತ್ರ ನಿನಗೆ ಆರರಲ್ಲಿ ಬರುತ್ತದೆ. ಬೆಲೆ ಗೊತ್ತಿದ್ದು ತೆತ್ತರೆ ನಷ್ಟವಲ್ಲ. ಆದರೆ ನಿನಗೆ ಬೇಕಾಗಿರುವುದು ಪರಶುರಾಮನಂಥ ಪಾತ್ರವೇ ಆದರೆ, ಫೈಟರ್ ಒಳಗೇ ಎಲ್ಡ್ರಿಚ್ ನೈಟ್ ಎಂಬ ದಾರಿ ಇದೆ, ನೋಡು. ಮೂರನೇ ಲೆವೆಲ್‌ನಿಂದ ಮಂತ್ರ ಬರುತ್ತದೆ, 7ನೇ ಲೆವೆಲ್‌ನಲ್ಲಿ ಒಂದೇ ಸರದಿಯಲ್ಲಿ ಸಣ್ಣ ಮಂತ್ರವನ್ನೂ ಕತ್ತಿಯ ಏಟನ್ನೂ ಕೂಡಿಸಬಹುದು. ಅಲ್ಲಿ ಕೊಂಡಿಯನ್ನು ನೇಕಾರರೇ ಹಾಕಿಟ್ಟಿದ್ದಾರೆ. ನೀನು ಉಟ್ಟುಕೊಳ್ಳುವುದಷ್ಟೇ.

ಬಾದಾಮಿಯ ತಮ್ಮ, ನಿನ್ನದು ವಿಝಾರ್ಡ್‌ಗೆ ಒಂದು ಲೆವೆಲ್ ಕ್ಲೆರಿಕ್. ನಾನು ಮಾಡಿದ್ದೂ ಅದನ್ನೇ, ಅದಕ್ಕೆ ನಿನ್ನ ಮೇಲೆ ಹೆಚ್ಚು ಸಿಟ್ಟು ಬಂತೇನೋ, ಕ್ಷಮಿಸು. ಲೆಕ್ಕ ನೋಡೋಣ. ಮಂತ್ರ ಹಾಕಲು ಖರ್ಚಾಗುವ ಸ್ಪೆಲ್ ಸ್ಲಾಟ್‌ಗಾಗಿ ಎರಡೂ ಕ್ಲಾಸಿನ ಲೆವೆಲ್ ಕೂಡುತ್ತವೆ. ಹೀಗಾಗಿ ವಿಝಾರ್ಡ್ 4, ಕ್ಲೆರಿಕ್ 1 ಆದ ಪಾತ್ರಕ್ಕೆ ಐದನೇ ಲೆವೆಲ್‌ನ ಸ್ಲಾಟ್ ಪೂರ್ತಿ ಸಿಗುತ್ತವೆ: ಮೊದಲ ಮಟ್ಟದ್ದು 4, ಎರಡನೆಯದು 3, ಮೂರನೆಯದು 2. ಆದರೆ ಯಾವ ಮಂತ್ರ ಬರುತ್ತದೆ ಎಂಬುದನ್ನು ಒಂದೊಂದು ಕ್ಲಾಸನ್ನು ಬೇರೆಯಾಗಿ ನೋಡಿ ನಿರ್ಧರಿಸಬೇಕು. ನಾಲ್ಕನೇ ಲೆವೆಲ್‌ನ ವಿಝಾರ್ಡ್‌ಗೆ ಮೂರನೇ ಮಟ್ಟದ ಒಂದು ಮಂತ್ರವೂ ಬರುವುದಿಲ್ಲ. ಎರಡು ದೊಡ್ಡ ಗಡಿಗೆ ಇವೆ, ಅದರಲ್ಲಿ ಬೇಯಿಸಲು ದೊಡ್ಡ ಅಡುಗೆ ಇಲ್ಲ. ಸಣ್ಣ ಮಂತ್ರವನ್ನೇ ಆ ಸ್ಲಾಟ್‌ನಲ್ಲಿ ಹಾಕಬಹುದು. ಮ್ಯಾಜಿಕ್ ಮಿಸೈಲ್‌ನ ಮೂರು ಬಾಣ ಐದಾಗುತ್ತವೆ, ಒಟ್ಟು 10ರಿಂದ 25ರ ಏಟು. ಅದೇ ಸ್ಲಾಟ್‌ನ ಫೈರ್‌ಬಾಲ್ ಎಂಟು ದಾಳದ ಏಟನ್ನು ಅಲ್ಲಿದ್ದ ಅಷ್ಟೂ ಜನರ ಮೇಲೆ ಬೀಳಿಸುತ್ತದೆ. ಮೇಲಾಗಿ ವಿಝಾರ್ಡ್‌ಗೆ ಬುದ್ಧಿ ಬೇಕು, ಕ್ಲೆರಿಕ್‌ಗೆ ವಿವೇಕ ಬೇಕು. ಎರಡಕ್ಕೂ ಅಂಕ ಹಂಚಬೇಕು.

ಇಷ್ಟಾದರೂ ನಿನಗೆ ಬೇಡ ಎನ್ನುವುದಿಲ್ಲ. ನೀನು ಬಾದಾಮಿಯವನು, ಮೊದಲನೇ ಗುಹೆಯ ಹರಿಹರನನ್ನು ಚಿಕ್ಕಂದಿನಿಂದ ನೋಡಿದವನು. ಒಂದು ಪಕ್ಕ ಶಿವ, ಒಂದು ಪಕ್ಕ ವಿಷ್ಣು. ಜಡೆಯ ಪಕ್ಕದಲ್ಲೇ ಕಿರೀಟ. ಆದರೆ ನಿಂತಿರುವುದು ಒಂದೇ ದೇಹ, ಭಾರ ಹೊತ್ತಿರುವುದು ಒಂದೇ ನಿಲುವು. ನಿನ್ನ ಪಾತ್ರ ಗ್ರಂಥವನ್ನು ಏಕೆ ನಂಬುತ್ತದೆ, ದೇವರನ್ನು ಏಕೆ ನಂಬುತ್ತದೆ, ಆ ಎರಡು ನಂಬಿಕೆ ಯಾವ ದಿನ, ಯಾವ ಘಟನೆಯಲ್ಲಿ ಒಂದಾದವು ಎಂದು ಹೇಳು. ಹೇಳಿದರೆ ನಾನೇ ಮೊದಲು ಒಪ್ಪುತ್ತೇನೆ. “ಡಾಲು ಸಿಗ್ತದ” ಎನ್ನುವುದು ಆ ಪ್ರಶ್ನೆಗೆ ಉತ್ತರವಲ್ಲ.

ಬಾಗಲಕೋಟೆಯ ಇಬ್ಬರೂ ವಾರ್ಲಾಕ್ ಮತ್ತು ಸಾರ್ಸರರ್ ಕೂಡಿಸಲು ಬಂದಿರಿ. ಲೆಕ್ಕದ ದೃಷ್ಟಿಯಿಂದ ನಿಮ್ಮದೇ ಎಲ್ಲಕ್ಕಿಂತ ಗಟ್ಟಿ. ಎರಡೂ ವರ್ಚಸ್ಸಿನ ಗುಣದ ಮೇಲೆ ನಿಲ್ಲುತ್ತವೆ, ಅಂಕ ಹಂಚುವ ಕಷ್ಟವಿಲ್ಲ. ವಾರ್ಲಾಕ್‌ನ ಸ್ಲಾಟ್ ಉಳಿದವುಗಳ ಜೊತೆ ಕೂಡುವುದಿಲ್ಲ, ಬೇರೆಯಾಗಿಯೇ ಇರುತ್ತವೆ. ಆದರೆ ಒಂದು ಸಣ್ಣ ವಿಶ್ರಾಂತಿ ಪಡೆದರೆ ಮರಳಿ ತುಂಬುತ್ತವೆ, ಅವುಗಳಿಂದ ಸಾರ್ಸರರ್‌ನ ಮಂತ್ರವನ್ನೂ ಹಾಕಬಹುದು. ಇಲ್ಲಿ ನನ್ನ ಪ್ರಶ್ನೆ ಲೆಕ್ಕದ್ದಲ್ಲ, ಮಾತಿನದು. ವಾರ್ಲಾಕ್ ಒಬ್ಬರಿಗೆ ಮಾತು ಕೊಟ್ಟು ಶಕ್ತಿ ಪಡೆದವನು. ಯಾರಿಗೆ? ಏನೆಂದು? ನಿಮ್ಮ ಹಾಳೆಯಲ್ಲಿ ಆ ಜಾಗ ಖಾಲಿ ಇದೆ. ಕರ್ಣ ಪರಶುರಾಮನ ಹತ್ತಿರ ತಾನು ಬ್ರಾಹ್ಮಣನೆಂದು ಸುಳ್ಳು ಹೇಳಿ ಬ್ರಹ್ಮಾಸ್ತ್ರ ಕಲಿತ. ಗುರುವಿನ ತಲೆ ತೊಡೆಯ ಮೇಲಿದ್ದಾಗ ಹುಳು ಕೊರೆದರೂ ಅಲುಗಾಡದೆ ಕೂತ. ಆ ಸಹನೆಯೇ ಅವನ ಸುಳ್ಳನ್ನು ಹೊರಹಾಕಿತು. ಬೇಕಾದ ಗಳಿಗೆಯಲ್ಲಿ ಮಂತ್ರ ನೆನಪಿಗೆ ಬಾರದಿರಲಿ ಎಂಬ ಶಾಪ ತಗುಲಿತು. ಕಲಿಯುವ ಯೋಗ್ಯತೆಯಾಗಲಿ ಶ್ರದ್ಧೆಯಾಗಲಿ ಕರ್ಣನಲ್ಲಿ ಕಡಿಮೆ ಇರಲಿಲ್ಲ. ಹುಟ್ಟು ಕೇಳಿ ವಿದ್ಯೆ ಕೊಡುವ ಲೋಕ ಅವನನ್ನು ಸುಳ್ಳಿಗೆ ದೂಡಿತ್ತು, ಆ ಸುಳ್ಳು ಕೊಂಡಿಯ ಜಾಗದಲ್ಲೇ ಕೂತಿತ್ತು. ನಿಮ್ಮ ಪಾತ್ರಗಳ ಒಪ್ಪಂದದಲ್ಲಿ ಇಂಥದೊಂದು ನೋವು, ಇಂಥದೊಂದು ಬೆಲೆ ಇದ್ದರೆ ನನಗೆ ಕೊಡಿ. ವರ್ಷಪೂರ್ತಿ ಕಥೆ ನಡೆಸುತ್ತೇನೆ.

ಇಳಕಲ್ಲಿನ ತಂಗಿ, ನೀನೊಬ್ಬಳೇ “ನನಗ ಬಾರ್ಡ್ ಸಾಕು” ಎಂದೆ, ಉಳಿದವರು ನಿನ್ನ ಮೇಲೆ ಕರುಣೆ ತೋರಿಸಿದರು. ಮೇಗುತಿ ಗುಡ್ಡ ಹತ್ತಿ ಬಾ. ಅಲ್ಲಿಯ ಜಿನಾಲಯದ ಪೂರ್ವದ ಗೋಡೆಯ ಮೇಲೆ ರವಿಕೀರ್ತಿಯ ಶಾಸನವಿದೆ, ಶಕ 556, ಅಂದರೆ ಕ್ರಿ.ಶ. 634. ಭಾಷೆ ಸಂಸ್ಕೃತ, ಲಿಪಿ ನಮ್ಮ ಹಳಗನ್ನಡದ್ದು. ಎರಡನೇ ಪುಲಕೇಶಿ ಹರ್ಷವರ್ಧನನನ್ನು ತಡೆದ ಸಂಗತಿ ಅದರಲ್ಲಿದೆ. ಕಾಳಿದಾಸ, ಭಾರವಿಯರ ಹೆಸರು ಹೇಳಿ ಅವರಂಥ ಕೀರ್ತಿ ತನ್ನದೆಂದು ರವಿಕೀರ್ತಿ ಹೇಳಿಕೊಂಡಿದ್ದಾನೆ. ಕಾಳಿದಾಸ ಆ ವರ್ಷಕ್ಕಿಂತ ಮೊದಲಿನವನು ಎಂದು ವಿದ್ವಾಂಸರು ಖಚಿತವಾಗಿ ಹೇಳುವಾಗ ಈ ಗೋಡೆಯತ್ತ ಕೈ ತೋರಿಸುತ್ತಾರೆ. ಆ ಗುಡಿಯನ್ನು ಕಟ್ಟಿಸಿದವನೂ ಅವನೇ, ಪದ್ಯ ಬರೆದವನೂ ಅವನೇ. ಪದ್ಯ ತಾಳೆಗರಿಯ ಮೇಲೆ ಉಳಿದಿದ್ದರೆ ನಮಗೆ ಸಿಗುತ್ತಿತ್ತೋ ಇಲ್ಲವೋ. ಗೋಡೆಯೇ ಹಾಳೆಯಾಯಿತು, ಅದಕ್ಕೇ ಸಿಕ್ಕಿತು. ಅವನು ಕವಿತ್ವವನ್ನು ಬಿಟ್ಟು ಇನ್ನೊಂದಕ್ಕೆ ಹೋಗಲಿಲ್ಲ, ಮಾಡಿದ್ದನ್ನೆಲ್ಲ ಕವಿತ್ವದ ಕಡೆಗೇ ತಂದ. ನೀನು ಬಾರ್ಡ್ ಆಗಿಯೇ ಇಪ್ಪತ್ತನೇ ಲೆವೆಲ್‌ವರೆಗೆ ಹೋಗು. ಮಂತ್ರದ ಒಂಬತ್ತನೇ ಮಟ್ಟ ತೆರೆಯುವುದು 17ನೇ ಲೆವೆಲ್‌ನಲ್ಲಿ. ಇಪ್ಪತ್ತರಲ್ಲಿ ಮೂರಕ್ಕಿಂತ ಹೆಚ್ಚು ಲೆವೆಲ್ ಬೇರೆ ಕಡೆ ಕಳೆದವರಿಗೆ ಆ ಮಂತ್ರ ಎಂದಿಗೂ ಸಿಗುವುದಿಲ್ಲ. ಅವತ್ತು ಇವರೆಲ್ಲ ನಿನ್ನ ಹಾಡಿಗಾಗಿ ಕಾಯುತ್ತಾರೆ.

ಇಷ್ಟು ಓದಿ, ಅಕ್ಕ ಪ್ರಯೋಗಕ್ಕೆ ವಿರೋಧಿ ಎಂದುಕೊಳ್ಳಬೇಡಿ. ಐಹೊಳೆಯಲ್ಲಿ ನಿಂತು ಪ್ರಯೋಗ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನೂರಕ್ಕೂ ಹೆಚ್ಚು ಗುಡಿಗಳಿರುವ ಆ ಊರು ಪೂರ್ತಿ ಪ್ರಯೋಗದ ಅಂಗಳ. ಲಾಡಖಾನ್ ಗುಡಿಯ ಮಾಡನ್ನು ನೋಡಿ. ಇಳಿಜಾರು ಚಪ್ಪಡಿಗಳ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ಮರದ ಮನೆಗೆ ಬಡಿಗ ಹೊಡೆಯುವ ಪಟ್ಟಿಯಂತೆ. ಬಡಿಗನ ವಿದ್ಯೆ ಕಲ್ಲಿಗೆ ಬಂದಿದೆ, ಮತ್ತು ಅದು ಅಲ್ಲಿ ಕೆಲಸ ಮಾಡುತ್ತದೆ: ಮಳೆನೀರು ಸಂದಿಯೊಳಗೆ ಇಳಿಯದಂತೆ ತಡೆಯುತ್ತದೆ. ಅದು ಕೊಂಡಿ.

ಆಮೇಲೆ ದುರ್ಗದ ಗುಡಿಗೆ ಬನ್ನಿ. ಆ ಹೆಸರು ಬಂದದ್ದು ದುರ್ಗೆಯಿಂದಲ್ಲ, ಹತ್ತಿರವಿದ್ದ ಕೋಟೆಯಿಂದ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಗಜಪೃಷ್ಠ ಎನ್ನುತ್ತಾರೆ. ಸುತ್ತ ಪ್ರದಕ್ಷಿಣೆಯ ಮೊಗಸಾಲೆ, ಕಂಬಕಂಬಕ್ಕೂ ಶಿಲ್ಪ. ಆ ದುಂಡು ಗುಡಿಯ ಮೇಲೆ ಉತ್ತರದ ನಾಗರ ಶೈಲಿಯ ಶಿಖರ. ನಾನು ಆ ಮೊಗಸಾಲೆಯಲ್ಲಿ ಎಷ್ಟು ಸಲ ಸುತ್ತಿದ್ದೇನೋ ಲೆಕ್ಕವಿಲ್ಲ, ಅಷ್ಟು ಪ್ರೀತಿ ನನಗೆ ಅದರ ಮೇಲೆ. ಆದರೂ ದೂರ ನಿಂತು ನೋಡಿದಾಗ ಕೆಳಗಿನ ದುಂಡಿಗೂ ಮೇಲಿನ ಶಿಖರಕ್ಕೂ ಪೂರ್ತಿ ಮಾತುಕತೆ ನಡೆದಿಲ್ಲ ಅನಿಸುತ್ತದೆ. ಕಟ್ಟಿದವರಿಗೂ ಹಾಗೇ ಅನಿಸಿತ್ತೇನೋ. ಪಟ್ಟದಕಲ್ಲಿನ ದೊಡ್ಡ ಗುಡಿಗಳಲ್ಲಿ ಆ ಗಜಪೃಷ್ಠ ಮತ್ತೆ ಕಾಣುವುದಿಲ್ಲ. ಅಲ್ಲಿ ವಿರೂಪಾಕ್ಷ ಪೂರ್ತಿ ದ್ರಾವಿಡವಾಗಿ, ಗಳಗನಾಥ ಪೂರ್ತಿ ನಾಗರವಾಗಿ ನಿಂತಿವೆ, ಪಾಪನಾಥನಲ್ಲಿ ಮಾತ್ರ ಎರಡೂ ಕೂಡಿವೆ. ಆ ಶಿಲ್ಪಿಗಳು ಐಹೊಳೆಯಲ್ಲಿ ಕೂಡಿಸಿ ನೋಡಿದರು. ಯಾವುದು ಕೂಡಿತು, ಯಾವುದು ಕೂಡಲಿಲ್ಲ ಎಂದು ತಿಳಿದುಕೊಂಡರು. ಕೂಡದ್ದನ್ನು ಕೆಡವಲಿಲ್ಲ, ಮುಂದಿನದನ್ನು ಬೇರೆಯಾಗಿ ಕಟ್ಟಿದರು. ನಾವೂ ನಮ್ಮ ಪಾತ್ರಗಳ ಮಟ್ಟಿಗೆ ಅಷ್ಟು ಧೈರ್ಯ, ಅಷ್ಟು ಪ್ರಾಮಾಣಿಕತೆ ಇಟ್ಟುಕೊಳ್ಳೋಣ.

ಹಾಗಾಗಿ ನಮ್ಮ ಮೇಜಿಗೆ ನಾನು ಈ ನಿಯಮಗಳನ್ನು ಕೇಳಿಕೊಳ್ಳುತ್ತೇನೆ.

ಯಾವ ಪುಸ್ತಕ ಎಂದು ಮೊದಲೇ ಗೊತ್ತುಮಾಡಿಕೊಳ್ಳೋಣ. ಸ್ವಲ್ಪ ಮಂತ್ರವನ್ನೂ ಬಲ್ಲ ಯೋಧರಾದ ಪ್ಯಾಲಡಿನ್, ರೇಂಜರ್ ಜೊತೆ ಕೂಡಿಸುವಾಗ ಸ್ಲಾಟ್ ಲೆಕ್ಕಕ್ಕೆ ಅವರ ಅರ್ಧ ಲೆವೆಲ್ ಬರುತ್ತದೆ. ಆ ಅರ್ಧವನ್ನು 2014ರಲ್ಲಿ ಕೆಳಕ್ಕಿಳಿಸುತ್ತಾರೆ, 2024ರಲ್ಲಿ ಮೇಲಕ್ಕೇರಿಸುತ್ತಾರೆ. ಫೈಟರ್‌ನ ಒಂದೇ ಸರದಿಯಲ್ಲಿ ಇನ್ನೊಂದು ಕ್ರಿಯೆಗೆ ಎಡೆ ಕೊಡುವ ಆ್ಯಕ್ಷನ್ ಸರ್ಜ್‌ನಿಂದ ಇನ್ನೊಂದು ಮಂತ್ರ ಹಾಕುವುದಕ್ಕೆ 2024ರ ಪುಸ್ತಕ ಅವಕಾಶ ಕೊಡುವುದಿಲ್ಲ. ಜಗಳ ನಡುಯುದ್ಧದಲ್ಲಿ ಬೇಡ. ನಾವು 2024ರದನ್ನೇ ಹಿಡಿಯೋಣ.

ಮಂತ್ರದ ಜೊತೆ ಕೂಡಿಸುವ ವಿದ್ಯೆಯನ್ನು ಮೊದಲ ಲೆವೆಲ್‌ನಲ್ಲೇ ತೆಗೆದುಕೊಳ್ಳಿ, ಇಲ್ಲವೇ ಮೂರನೇ ಮಟ್ಟದ ಮಂತ್ರ ಕೈಗೆ ಬಂದಮೇಲೆ ತೆಗೆದುಕೊಳ್ಳಿ. ನಡುವಿನ ಲೆವೆಲ್‌ಗಳಲ್ಲಿ ನಿಮ್ಮನ್ನು ನಂಬಿ ಮುಂದೆ ನಿಂತವರಿರುತ್ತಾರೆ.

ಕೂಡಿಸುವ ಮುಂಚೆ ಉಳಿದವರಿಗೆ ಹೇಳಿ. ಈ ಲೆವೆಲ್‌ನಲ್ಲಿ ನನಗೆ ಇಂಥದು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು. ಆ ಸೇತುವೆಯ ಮೇಲೆ ನನ್ನ ಗೆಳತಿಗೆ ಅದು ಗೊತ್ತಿದ್ದರೆ ಅವಳು ಹಿಂದೆ ಸರಿಯುತ್ತಿದ್ದಳು.

ಮೂರು ಭಾನುವಾರ ಆಡಿದ ಮೇಲೂ ಕೂಡಲಿಲ್ಲ ಅನಿಸಿದರೆ ನನ್ನ ಹತ್ತಿರ ಬನ್ನಿ. ಬಿಚ್ಚಿ ಮತ್ತೆ ಕಟ್ಟೋಣ, ನಾಚಿಕೆಪಡುವ ಮಾತಿಲ್ಲ.

ಮೊದಲ ಆಟಕ್ಕೆ ಮುಂಚೆ ಎಲ್ಲರೂ ಸೇರಿ ಐಹೊಳೆಗೆ ಹೋಗೋಣ. ಗುಡಿಯೊಳಗೆ ದಾಳ ತೆಗೆಯುವುದು ಬೇಡ, ಆ ಕಲ್ಲುಗಳಿಗೆ ಅವುಗಳ ಮರ್ಯಾದೆ ಇದೆ. ಸುಮ್ಮನೆ ನೋಡೋಣ. ಹೊಳೆಯ ದಂಡೆಯಲ್ಲಿ ಕೂತು ರೊಟ್ಟಿ ಬುತ್ತಿ ಬಿಚ್ಚೋಣ. ಪರಶುರಾಮನ ಕೊಡಲಿಯ ಬಂಡೆಯ ಹತ್ತಿರ ನಿಮ್ಮ ನಿಮ್ಮ ಪಾತ್ರದ ಕಥೆ ಹೇಳಿ.

ಬರುವಾಗ ಹೊಸ ಹಾಳೆ ತನ್ನಿ. ಮೊದಲ ಕ್ಲಾಸಿನ ಹೆಸರು ಬರೆದು, ಕೆಳಗೆ ಮೂರು ಗೆರೆಯಷ್ಟು ಜಾಗ ಖಾಲಿ ಬಿಟ್ಟು, ಆಮೇಲೆ ಎರಡನೆಯದರ ಹೆಸರು ಬರೆಯಿರಿ. ಆ ಖಾಲಿ ಜಾಗ ಕೊಂಡಿಯದು. ಅಲ್ಲಿ ಬರೆದದ್ದನ್ನು ನಾನು ಅವ್ವನಂತೆ ಮೆಲ್ಲಗೆ ಒಮ್ಮೆ ಜಗ್ಗಿ ನೋಡುತ್ತೇನೆ. ತಡೆದರೆ ಆಟ ಶುರು.

ನಿಮ್ಮ ದಾರಿ ಕಾಯುತ್ತಿರುವ,
ಇಳಕಲ್ಲಿನ ನಿಮ್ಮ ಅಕ್ಕ